ಪಟಕ್ ಮಾವ
ಲೋಹದ ತುಂಡುಗಳನ್ನು ಎಳೆದು ಮುರಿಯುವುದೇ ನಮ್ಮ ಸೋದರಮಾವನ ಉದ್ಯೋಗ. ಅವು ಮುರಿಯುವ ಸದ್ದಿನಿಂದಲೇ ಅವರಿಗೆ ಪಟಕ್ ಮಾವ ಎಂಬ ಹೆಸರು ಬಂತು. ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಮುದ್ರಿಸಿದ ಭಾಗಗಳು ಅವರ ಪ್ರಯೋಗಾಲಯಕ್ಕೆ ಬರುತ್ತವೆ. ಮಾವ ಅವುಗಳನ್ನು ಹೈಡ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಯಂತ್ರದಿಂದ ದಿನಗಟ್ಟಲೆ ಎಳೆದು ಹಿಡಿಯುತ್ತಾರೆ. ಹಿಗ್ಗಬೇಕಾದ ಲೋಹ ಗಾಜಿನಂತೆ ಮುರಿದರೆ ಚಪ್ಪಾಳೆ ತಟ್ಟಿ, "ನೋಡಿದ್ಯಾ, ಕಳ್ಳ ಒಳಗೆ ಸೇರ್ಕೊಂಡಿದ್ದ!" ಎಂದು ಕುಣಿಯುತ್ತಾರೆ. ಕಳ್ಳನೆಂದರೆ ಹೈಡ್ರೋಜನ್, ಅದು ಲೋಹದೊಳಕ್ಕೆ ನುಸುಳಿ ಎಳೆತ ತಾಳುವ ಗುಣವನ್ನೇ ಕದಿಯುತ್ತದೆ. ಮನೆಯಲ್ಲೂ ಅಷ್ಟೆ, ಹೊಸ ಚಮಚ ತಂದರೆ ಮೊದಲು ಬಗ್ಗಿಸಿ ನೋಡುತ್ತಾರೆ. "ಚಮಚಕ್ಕೂ ಪರೀಕ್ಷೆನಾ? ನನ್ನೊಬ್ಬಳನ್ನ ಬಿಟ್ಟಿದ್ದೀರಿ" ಎಂದು ಅತ್ತೆ ರೇಗಿದರೆ, "ನೀನು ಪಾಸಾಗಿ ಮೂವತ್ತು ವರ್ಷ ಆಯ್ತು ಕಣೇ" ಎನ್ನುತ್ತಾರೆ. ಹೋದ ತಿಂಗಳು ಹೈಡ್ರೋಜನ್ ಬಸ್ಸೊಂದರ ಅನಿಲ ಕೊಳವೆಯ ಕೀಲು ಪರೀಕ್ಷೆಗೆ ಬಂತು. ಆ ಬಸ್ಸನ್ನು ಓಡಿಸಬೇಕಾದವಳು ಮಾವನ ಮಗಳು, "ಅಪ್ಪಾ, ನನ್ ಬಸ್ಸು ಯಾವಾಗ?" ಎಂದು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಕೀಲು ನಿಗದಿಯ ಇನ್ನೂರು ಗಂಟೆ ತಡೆದುಕೊಂಡಿತು. "ಪಾಸಾಯ್ತಲ್ಲ ಸಾರ್, ಸಹಿ ಹಾಕಿ" ಎಂದರು ಮ್ಯಾನೇಜರು. ಮಾವ ಲೇಖನಿ ತೆರೆದವರು ಮತ್ತೆ ಮುಚ್ಚಿ, "ಇನ್ನೊಂದು ದಿನ ಇರ್ಲಿ" ಎಂದು ಯಂತ್ರವನ್ನು ನಿಲ್ಲಿಸಲೇ ಇಲ್ಲ. ಮರುದಿನ ಊಟದ ಹೊತ್ತಿಗೆ ಪಟಕ್! ಚಪ್ಪಾಳೆ ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. ಎಲ್ಲರೂ ಓಡಿಹೋಗಿ ನೋಡಿದರೆ, ಮಾವ ಎರಡು ತುಂಡನ್ನೂ ಎದೆಗವಚಿಕೊಂಡು, ಕಣ್ಣೊರೆಸಿಕೊಳ್ಳುತ್ತ ಫೋನಿನಲ್ಲಿ ಕೂಗುತ್ತಿದ್ದರು: "ಮುರೀತು ಮಗಳೇ, ಇಲ್ಲೇ ಮುರೀತು!"