ಹೊನ್ನೆ ಮರದಡಿಯ ಕಸ

ಹಿರೇಕೆರೂರಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದುಕೊಟ್ಟು, "ಛತ್ರಿ ಹೊರಗ ಝಾಡಿಸ್ರಿ ಅಕ್ಕಾರ, ಒಳಗ ಈಗಾಗಲೆ ಕೆರಿ ಆಗೇತಿ" ಎಂದ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲವೆಂದು ನಮ್ಮ ಮನೆಯವರ ದೂರು. ನೌಕರಿಯಿಂದ ನಿವೃತ್ತಿಯಾದ ಶಿಕ್ಷಕಿಗೆ ಬೇರೇನು ಕೆಲಸ?

ಈ ಸಲದ ನೆಪ ಇಮಾಮಸಾಬರ ಫೋನು. ನಾನು ಸವಣೂರಿನ ಶಾಲೆಯಲ್ಲಿದ್ದಾಗ ಅವರ ಮಗಳಿಗೆ ಅಕ್ಷರ ಕಲಿಸಿದ್ದೆ. ಅಲ್ಲಿಯ ಎಲೆತೋಟದ ಮನೆತನ ಅವರದು. ಇಪ್ಪತ್ತೈದು ವರ್ಷದ ಹಿಂದೆ ಹಾನಗಲ್ಲಿಗೂ ಶಿಗ್ಗಾಂವಿಗೂ ನಡುವೆ ನಾಲ್ಕೆಕರೆ ಕಲ್ಲುನೆಲ ಕೊಂಡು, ಈ ಸೀಮೆಯಲ್ಲೇ ಹುಟ್ಟಿದ ಗಿಡಮರಗಳನ್ನಷ್ಟೇ ಬೆಳೆಸಿದ್ದಾರೆ. "ಒಂದ ವಸ್ತು ತೋರಸೂದೈತಿ ಅಕ್ಕಾರ. ಫೋನಿನ್ಯಾಗ ಹೇಳಂಗಿಲ್ಲ, ನದರ ಆಗ್ತೈತಿ" ಎಂದಿದ್ದರು. ಕೂಸಿಗೆ ದೃಷ್ಟಿ ತಾಗೀತೆಂದು ಸೆರಗಿನಲ್ಲಿ ಮುಚ್ಚಿಕೊಳ್ಳುವ ತಾಯಿಯ ದನಿ ಅದು. ನಾಳೆಯೇ ಬಂದೆ ಎಂದುಬಿಟ್ಟೆ. ಆ 'ನಾಳೆಯೇ' ಎಂಥ ಅನಾಹುತ ಮಾಡಲಿತ್ತೆಂದು ಆಗ ತಿಳಿಯಲಿಲ್ಲ.

ಹಾನಗಲ್ಲಿಗೆ ಎರಡು ತಾಸು. ನಿಲ್ದಾಣದ ಎದುರಿಗೆ ಹತ್ತು ರೂಪಾಯಿಯ ಚಹಾ ಕುಡಿದು, ಬಿಸಿ ಮಿರ್ಚಿ ಭಜಿ ತಿಂದು, ಶಿಗ್ಗಾಂವಿಯ ಬಸ್ಸು ಹಿಡಿದೆ. ಅರ್ಧ ತಾಸಿಗೆ ಅವರ ಕ್ರಾಸು. ಇಮಾಮಸಾಬರು ಅಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಎಣ್ಣೆ ಜಿನುಗುವ ಕುರುಕಲು ತಿಂಡಿಯ ಪೊಟ್ಟಣ.

"ನಾನೂ ಈಗ ಇಳದೆ. ನಿನ್ನೆ ಮಧ್ಯಾಹ್ನ ಸವಣೂರಿಗೆ ಹೋಗಿ ಮಗಳ ಮನ್ಯಾಗ ಉಳಕೊಂಡಿದ್ದೆ."

"ಏನು ವಿಶೇಷ?"

"ಖಾರಾ! ಸವಣೂರ ಖಾರಾ ಇಲ್ದ ನಿಮ್ಮನ್ನ ಮನಿಗೆ ಹೆಂಗ ಕರೀಲಿ?"

ಒಂದು ಮೈಲಿ ನಡಿಗೆ. ದಾರಿಯ ಎರಡೂ ಕಡೆ ಗೋವಿನಜೋಳ ಎದೆಯೆತ್ತರ ನಿಂತಿತ್ತು. ಅದು ಮುಗಿದಲ್ಲಿ ಒಮ್ಮೆಲೇ ಕತ್ತಲು ಕವಿದಂತೆ ಅವರ ಅಡವಿ. ಬೇಲಿಯ ತುಂಬ ಗೌರಿಹೂವು, ಬೆಂಕಿಯ ನಾಲಗೆ ಚಾಚಿಕೊಂಡು. ಒಳಗೆ ಮತ್ತಿ, ದಿಂಡಲು, ಅಳಲೆ, ಕಕ್ಕೆ, ಬಿಲ್ವ, ಮುಳ್ಳಿನ ಕವಳಿ. ಒಂದಕ್ಕೂ ಹೆಸರಿನ ಹಲಗೆಯಿಲ್ಲ. ಯಾಕೆಂದು ಕೇಳಿದೆ.

"ಹಲಗಿ ಹಾಕಿದ್ರ ಮಂದಿ ಹಲಗಿ ಓದಿ ಹೋಗ್ತಾರ್ರಿ, ಗಿಡ ನೋಡಂಗಿಲ್ಲ" ಎಂದು ನನ್ನ ಕೈ ಹಿಡಿದು ಮತ್ತಿಯ ಬೊಡ್ಡೆಯ ಮೇಲೆ ಇಟ್ಟರು. ಮೊಸಳೆಯ ಬೆನ್ನು ಮುಟ್ಟಿದ ಹಾಗಾಯಿತು. ಇನ್ನು ಮತ್ತಿಯನ್ನು ನಾನು ಮರೆಯಲಾರೆ. ನಮ್ಮಜ್ಜಿ ಹೀಗೆಯೇ ಕಲಿಸುತ್ತಿದ್ದಳು, ಮೊದಲು ಮುಟ್ಟಿಸಿ, ಆಮೇಲೆ ಹೆಸರು ಹೇಳಿ. ಕಾಲಡಿಯಲ್ಲಿ ನೆನೆದ ಎಲೆಗಳ ಮೆತ್ತೆ, ಹೆಜ್ಜೆಯ ಸಪ್ಪಳವೇ ಇಲ್ಲ. ಹೊರಗೆ ಮಳೆ ನಿಂತು ಎಷ್ಟೋ ಹೊತ್ತಾಗಿದ್ದರೂ ಒಳಗೆ ಎಲೆಯಿಂದ ಎಲೆಗೆ ಹನಿ ಇಳಿಯುತ್ತಲೇ ಇತ್ತು.

ನಡೆಯುತ್ತ ಇಮಾಮಸಾಬರು ಗುಟ್ಟು ಬಿಟ್ಟರು. ಅವರ ಅಡವಿಯಲ್ಲಿ ಒಂದೇ ಒಂದು ದೊಡ್ಡ ಹೊನ್ನೆಯಿದೆ. ಕೆತ್ತಿದರೆ ರಕ್ತದಂಥ ಅಂಟು ಸುರಿಸುವ ಮರ. ಅದರ ಬೀಜವನ್ನು ಚೀಲದಲ್ಲಿ ಹಾಕಿ ಸಸಿ ಎಬ್ಬಿಸಿ ಎಲ್ಲರಿಗೂ ಹಂಚಿದ್ದಾರೆ. ಆದರೆ ಮರದ ಕೆಳಗೆ ತಾನಾಗಿ ಒಂದೂ ಸಸಿ ಎದ್ದಿರಲಿಲ್ಲ. ಈ ಮಳೆಗಾಲದಲ್ಲಿ ಏಳು ಎದ್ದಿವೆ.

"ನಾ ಹಚ್ಚಿದ್ದು ಬರೇ ತ್ವಾಟ ಅಕ್ಕಾರ. ಗಿಡ ತಾನ ಬೀಜ ಉದರಿಸಿ, ತಾನ ಮರಿ ಎಬ್ಬಿಸಿದ್ರ ಅವಾಗ ಅಡವಿ. ಇಪ್ಪತ್ತೈದು ವರ್ಷ ಇದಕ್ಕ ಕಾದೇನಿ."

ಹೊನ್ನೆಯ ಹತ್ತಿರ ಬಂದೆವು. ಇಮಾಮಸಾಬರು ನಿಂತುಬಿಟ್ಟರು.

ಮರದ ಸುತ್ತ ನೆಲ ಅಂಗಳದಂತೆ ಲಕಲಕ. ಒಂದು ಎಲೆಯಿಲ್ಲ, ಕಡ್ಡಿಯಿಲ್ಲ. ಕೆಂಪು ಮಣ್ಣಿನ ಮೇಲೆ ಕಸಬರಿಗೆ ಬೀಸಿದ ಗೆರೆಗಳು, ನಟ್ಟನಡುವೆ ಹನಿಗೆ ಅರ್ಧ ಅಳಿಸಿದ ರಂಗೋಲಿ.

ಗುಡಿಸಲಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ಫಕ್ಕೀರವ್ವ. ಪಕ್ಕದ ಊರಿನವಳು, ಕೆಲಸಕ್ಕೆ ಸೇರಿ ಒಂದು ತಿಂಗಳು. "ಬರ್ರಿ ಅಕ್ಕಾರ! ದೊಡ್ಡ ಗಿಡದ ಬುಡಕ್ಕ ಕುಂತು ಉಣ್ಣಲಿ ಅಂತ ಚಂದಂಗಿ ಕಸ ಹೊಡದೇನಿ" ಎಂದಳು. ಆಮೇಲೆ ಯಜಮಾನರ ಮುಖ ನೋಡಿದಳು. "ಯಾಕ ಕಾಕಾ? ಏನಾತು?"

ಇಮಾಮಸಾಬರು ಖಾರದ ಪೊಟ್ಟಣ ನೆಲಕ್ಕಿಟ್ಟು ಕುಳಿತರು. ಏಳು ಸಸಿಗಳ ಸಂಗತಿ ನಾನೇ ಹೇಳಬೇಕಾಯಿತು. ಫಕ್ಕೀರವ್ವ ಎದೆಗೆ ಕೈ ಹಚ್ಚಿಕೊಂಡಳು. "ಬೈರ್ರಿ ಕಾಕಾ. ಹಿಂಗ ಸುಮ್ನ ಕುಂದರಬ್ಯಾಡ್ರಿ."

"ನಿನಗ ಹೆಂಗ ಬೈಲಿ? ನದರಿಗಂಜಿ ನಿನ್ನ ಮುಂದ ಸೈತ ಹೇಳ್ದ ಮುಚ್ಚಿಟ್ಟಾವ ನಾನ. ನದರ ಬರಲಿಲ್ಲ, ಕಸಬರಿಗಿ ಬಂತು" ಎಂದರು.

ಬರುತ್ತೇನೆಂದು ಸಾರಿದವಳು ನಾನು. ಬರುವವರಿದ್ದಾರೆಂದರೆ ಕಸ ಹೊಡೆಯದ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಯಾರಿದ್ದಾಳೆ?

ಇಮಾಮಸಾಬರು ಒಮ್ಮೆಲೇ ತಲೆಯೆತ್ತಿದರು. "ಕಸ ತಿಪ್ಪಿಗೆ ಹಾಕಿ ಬಿಟ್ಟಿಯೇನ?"

"ಇಲ್ರಿ! ಹೊಡದು ಮುಗಸೂದ್ರಾಗ ದೀಪ ಹಚ್ಚೂ ಹೊತ್ತಾತು. ದೀಪ ಹಚ್ಚಿದ ಮ್ಯಾಲ ಕಸ ಹೊರಗ ಚೆಲ್ತಾರೇನ್ರಿ? ಲಕ್ಷ್ಮಿ ಹೋಗ್ತಾಳ. ಬುಟ್ಟ್ಯಾಗ ತುಂಬಿ ಗುಡಸಲ ಹಿಂದ ಇಟ್ಟೇನಿ. ಮುಂಜಾನಿಂದ ರೊಟ್ಟಿ ಬಡ್ಯೂದರಾಗ ಚೆಲ್ಲಾಕ ಪುರಸೊತ್ತ ಆಗಿಲ್ಲ."

ಮಾತು ಮುಗಿಯುವ ಮೊದಲೇ ಇಮಾಮಸಾಬರು ಗುಡಿಸಲ ಹಿಂದೆ ಓಡಿದ್ದರು. ಮೂರು ದೊಡ್ಡ ಬುಟ್ಟಿ. ಗೋಣಿತಟ್ಟು ಹಾಸಿ, ಮೂವರೂ ಸುತ್ತ ಕುಳಿತು, ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ ಎಲೆ ಎಲೆ ಬಿಡಿಸಿದೆವು. ಒದ್ದೆ ಎಲೆಗಳ ನಡುವೆ ತಂಪು ಹಾಗೇ ಇತ್ತು. ಮೊದಲನೆಯದು ಫಕ್ಕೀರವ್ವನಿಗೇ ಸಿಕ್ಕಿತು. ಬೆರಳುದ್ದದ ಸಸಿ, ಬೇರಿಗೆ ಚಿಟಿಕೆ ಮಣ್ಣು. "ಜೀವ ಐತೇನ್ರಿ?" ಎಂದು ಅಂಗೈ ಮೇಲಿಟ್ಟು ಚಾಚಿದಳು. ಇಮಾಮಸಾಬರು ಕನ್ನಡಕ ಏರಿಸಿ ನೋಡಿ, "ಐತಿ" ಎಂದರು. ಐದು ಸಿಕ್ಕವು. ಆರನೆಯದರ ದಂಟು ಮುರಿದಿತ್ತು, ಏಳನೆಯದು ಸಿಗಲೇ ಇಲ್ಲ.

ಕಡ್ಡಿಯಿಂದ ತೂತು ಮಾಡಿ, ಐದನ್ನೂ ತಾಯಿಮರದ ಕೆಳಗೆ ಮರಳಿ ಊರಿದೆವು. ಆಮೇಲೆ ಫಕ್ಕೀರವ್ವ ಬುಟ್ಟಿಯಿಂದ ಮುಷ್ಟಿ ಮುಷ್ಟಿ ಎಲೆ ತೆಗೆದು ತನ್ನ ರಂಗೋಲಿಯ ಮೇಲೆಯೇ ಹರಡತೊಡಗಿದಳು. "ಹುಟ್ಟಿದಾಗಿಂದ ಕಸ ಹೊಡದೇನಿ. ಕಸ ಹಾಸಿದ್ದು ಇವತ್ತ ಮೊದಲ" ಎಂದಾಗ ಇಮಾಮಸಾಬರೂ ನಕ್ಕರು.

ಊಟ ಗುಡಿಸಲಲ್ಲಿ, ಮುತ್ತಲದ ಎಲೆಯ ಮೇಲೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆಮೊಸರು, ಸವಣೂರಿನ ಖಾರಾ. ಅಂಥ ರುಚಿಯ ಊಟವನ್ನು ಅಷ್ಟು ಮಣ್ಣುಗೈಯಲ್ಲಿ ನಾನು ಉಂಡಿದ್ದಿಲ್ಲ. ಉಣ್ಣುವಾಗಲೂ ಇಮಾಮಸಾಬರ ಕಣ್ಣು ಹೊನ್ನೆಯ ಕಡೆಗೇ.

ಸಂಜೆಯ ಬಸ್ಸಿಗೆ ಇಬ್ಬರೂ ಕ್ರಾಸಿನ ತನಕ ಬಂದರು. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಗೋವಿನಜೋಳದ ಹಸಿರಿನ ಆಚೆ ಅಡವಿ ಮೋಡದ ತುಣುಕಿನಂತೆ ಕಪ್ಪಗೆ ಕೂತಿತ್ತು. ಐದರಲ್ಲಿ ಒಂದಾದರೂ ಬದುಕಲಿ ಎಂದು ಹಿರೇಕೆರೂರು ಮುಟ್ಟುವವರೆಗೂ ಬೇಡಿಕೊಂಡೆ.

ಹದಿನೈದು ದಿನಕ್ಕೆ ಫೋನು ಬಂತು. "ಮೂರು ನಿಂತಾವು ಅಕ್ಕಾರ. ಹೊಸಾ ಚಿಗರ ಬಿಟ್ಟಾವು" ಎಂದರು ಇಮಾಮಸಾಬರು. ಈ ಸಲ ನದರಿನ ಮಾತೇ ಇಲ್ಲ.

"ಹಾಗಾದರೆ ಬರುವ ವಾರ ನೋಡಲು ಬರುತ್ತೇನೆ" ಎಂದೆ.

ಹಿಂದಿನಿಂದ ಫಕ್ಕೀರವ್ವನ ದನಿ ಕೇಳಿಸಿತು. "ಬರ್ಲಿ ಕಾಕಾ, ಆದ್ರ ಯಾವತ್ತ ಅಂತ ನನಗ ಹೇಳಬ್ಯಾಡ್ರಿ! ನನ್ನ ಕೈ ಕೇಳಂಗಿಲ್ಲ."