ನೀರುಕಾಗೆಗಳು ಮತ್ತು ನನ್ನ ಭಾಷಣದ ಕ್ಯಾಸೆಟ್ಟು

ಕಳೆದ ರವಿವಾರ ಬೆಳಿಗ್ಗೆ ಹಿಡಕಲ್ ಡ್ಯಾಮಿನ ಹಿನ್ನೀರ ದಂಡೆಯ ಮೇಲೆ ನಾನು ಕುಣಿದೆ. ಹೌದು, ಕುಣಿದೆ! ಐವತ್ತು ದಾಟಿದ, ಮಂಡಿನೋವಿನ ಹೈಸ್ಕೂಲ್ ಮಾಸ್ತರ ನಾನು. (ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಉಳಿಯಲಿ ಬಿಡಿ.)

ಕಾರಣ? ಒಂದು ಮೀನಿನ ಬಲೆಯಲ್ಲಿ ಒಂದೂ ಹಕ್ಕಿ ಸತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಬಾಳಪ್ಪ ಆ ಹಿನ್ನೀರಿನಲ್ಲಿ ಮೀನು ಹಿಡಿಯುವವನು, ನನ್ನ ಹಳೆಯ ವಿದ್ಯಾರ್ಥಿ. ತಿಂಗಳ ಹಿಂದೆ ಅವನ ಹರಿಗೋಲಿನಲ್ಲಿ ಕುಳಿತು ಬಲೆ ಎತ್ತುವುದನ್ನು ನೋಡಲು ಹೋಗಿದ್ದೆ. ಮೀನಿನ ಜೊತೆ ಮೂರು ನೀರುಕಾಗೆಗಳೂ ಮೇಲೆ ಬಂದವು. ಮೀನಿನ ಬೆನ್ನು ಹತ್ತಿ ಮುಳುಗಿ, ಕಣ್ಣಿಗೆ ಕಾಣದ ನೈಲಾನ್ ದಾರಕ್ಕೆ ಸಿಕ್ಕಿ ನೀರೊಳಗೇ ಸತ್ತಿದ್ದವು. ಎದುರಿಗೆ ಅರ್ಧ ಮುಳುಗಿದ ಜಾಲಿ ಗಿಡಗಳ ಗೂಡಿನಲ್ಲಿ ಮರಿಗಳು ಬಾಯಿ ತೆರೆದು ಚೀರುತ್ತಿದ್ದವು.

“ಇವುಗಳ ಮರಿನ ಇರಬೇಕ್ರಿ ಅವು,” ಅಂದ ಬಾಳಪ್ಪ. “ನಾ ಬೇಕಂತ ಮಾಡೇನೇನ್ರಿ ಮಾಸ್ತರ? ಈ ಜಾಗಾ ಬಿಟ್ರ ನಂಗ ಮೀನ ಸಿಗಂಗಿಲ್ಲ. ಬಿಡಲಿಲ್ಲಂದ್ರ ಇವು ಉಳಿಯಂಗಿಲ್ಲ.”



ಆಗ ನೆನಪಾಯಿತು. ಸಮುದ್ರದಲ್ಲಿ ಮೀನು ಹಿಡಿಯುವ ದೊಡ್ಡ ಹಡಗುಗಳ ಗಾಳಕ್ಕೆ ಸಿಕ್ಕಿ ಹಕ್ಕಿಗಳು ಸಾಯುತ್ತವಂತೆ. ಅದನ್ನು ತಪ್ಪಿಸಲು ಹಡಗಿನ ಹಿಂದೆ ಬಣ್ಣದ ಪಟ್ಟಿಗಳನ್ನು ಹಾರಿಬಿಡುತ್ತಾರಂತೆ. ಪೇಪರಿನಲ್ಲಿ ಓದಿದ್ದೆ. ಆಹಾ, ಸಿಕ್ಕಿತಲ್ಲ ಉಪಾಯ! ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಕಟ್ಟಿ ಉಳಿದಿದ್ದ ಬಣ್ಣದ ಕಾಗದದ ಪರಪರಿ ತೋರಣವನ್ನೆಲ್ಲ ಹೊತ್ತೊಯ್ದು, ಬಲೆ ತೇಲಿಸುವ ಥರ್ಮಾಕೋಲ್ ತುಂಡುಗಳಿಗೆ ಕಟ್ಟಿಸಿದೆ. ಬಾಳಪ್ಪ ಬೇಡವೆನ್ನಲಿಲ್ಲ. ಮಾಸ್ತರರಿಗೆ ಎದುರಾಡುವ ರೂಢಿ ಅವನಿಗಿಲ್ಲ.

ಅರ್ಧ ತಾಸಿನಲ್ಲಿ ಕಾಗದ ನೀರುಪಾಲಾಯಿತು. ಮರುದಿನ ಬಲೆಯಲ್ಲಿ ಎರಡು ಹಕ್ಕಿ. ಒಂದರ ಕೊಕ್ಕಿಗೆ ನನ್ನ ಗುಲಾಬಿ ಕಾಗದದ ಚೂರು ಅಂಟಿತ್ತು. ನಾಚಿಕೆಯಾಯಿತು. ಕಾಗದ ನೀರಿನಲ್ಲಿ ನೆನೆಯುತ್ತದೆ ಎಂಬುದನ್ನು ತಿಳಿಯಲು ಬಿ.ಎಡ್. ಬೇಕೇ?

ಹುಕ್ಕೇರಿಯಲ್ಲಿ ನಮ್ಮ ಬಾಜೂ ಮನೆಯವರು ಪದ್ದಕ್ಕ. ಹೊಲಮನೆ ನೋಡಿಕೊಳ್ಳುವ ಜೈನ ಹೆಂಗಸು. ಹೊತ್ತು ಮುಳುಗಿದ ಮೇಲೆ ಊಟ ಮಾಡದವರು, ಮಳೆಗಾಲದಲ್ಲಿ ಹುಳ ಇದ್ದೀತೆಂದು ಸೊಪ್ಪು ಮುಟ್ಟದವರು. ಅವರ ಮುಂದೆ ಮೀನಿನ ಮಾತೇ? ಆದರೂ ತಡೆಯಲಾಗದೆ ಹೇಳಿಬಿಟ್ಟೆ.

“ಮೀನಿಂದು ನನ್ನ ಮುಂದ ತೆಗೀಬ್ಯಾಡ್ರಿ. ಹಕ್ಕಿದಷ್ಟ ಹೇಳ್ರಿ,” ಅಂದರು. ಕೇಳಿ ನಕ್ಕೇಬಿಟ್ಟರು. “ಜ್ವಾಳದ ತೆನಿ ಹಾಲ ತುಂಬಿದಾಗ ನಾವು ಹೊಲದಾಗ ಏನ ಕಟ್ತೀವ್ರಿ? ಕ್ಯಾಸೆಟ್ಟಿನ ರೀಲ್! ಸುಮ್ನ ಇಳಿಬಿಟ್ರ ಆಗಂಗಿಲ್ಲ. ಬಿದರ ನಿಲ್ಲಿಸಿ, ಹುರಿ ಹಾಕಿ, ಬಿಗಿಯಾಗಿ ಎಳದ ಕಟ್ಟಬೇಕು. ಗಾಳಿ ಬಿಟ್ರ ಗುಂಯ್ ಅಂತೈತಿ, ಬಿಸಲಿಗೆ ಥಳಥಳ ಹೊಳೀತೈತಿ. ಹಕ್ಕಿ ಹತ್ರ ಸುಳಿಯಂಗಿಲ್ಲ.”

ಸಮುದ್ರದವರ ಜಾಣತನ ನಮ್ಮ ಜೋಳದ ಹೊಲದಲ್ಲೇ ಇತ್ತು! ಸಂಕೇಶ್ವರದ ಬಸ್ಸಿನಲ್ಲಿ ಕುಳಿತು ಎಷ್ಟು ಸಲ ಆ ಹೊಲಗಳನ್ನು ದಾಟಿಲ್ಲ ನಾನು? ಪೇಪರ್ ಓದುತ್ತಿದ್ದೆ, ಕಾಣಲಿಲ್ಲ.

ಸರಿ, ಕ್ಯಾಸೆಟ್ ಬೇಕಲ್ಲ? ಹಾಡಿನ ಕ್ಯಾಸೆಟ್ಟುಗಳನ್ನು ಹೆಂಡತಿ ಮುಟ್ಟಗೊಡಲಿಲ್ಲ. ಬದಲಿಗೆ, ನಾನು ಊರೂರಲ್ಲಿ ಮಾಡಿದ ಭಾಷಣಗಳ ಹನ್ನೆರಡು ಕ್ಯಾಸೆಟ್ ತಂದು ಮುಂದಿಟ್ಟಳು. (ಎಷ್ಟು ಬೇಗ ಹುಡುಕಿದಳು ಅಂತೀರಿ!)

“ಹುರಿ ಹಾಕೂದು ನಿಮಗ ಬರಂಗಿಲ್ಲ,” ಎಂದು ಪದ್ದಕ್ಕ ತಾವೇ ಹೊರಟುಬಂದರು. ದಂಡೆಯ ಮೇಲೆ ಕುಳಿತು ರೀಲಿಗೆ ಹುರಿ ಹಾಕಿಕೊಟ್ಟರು. ಬಾಳಪ್ಪ ಬಲೆಯುದ್ದಕ್ಕೂ ಬಿದಿರು ನೆಟ್ಟು ಬಿಗಿದು ಕಟ್ಟಿದ. ಗಾಳಿ ಬೀಸಿತು. ನನ್ನ ಹನ್ನೆರಡು ಭಾಷಣಗಳೂ ಒಟ್ಟಿಗೆ ಗುಂಯ್ ಎಂದವು.

ರವಿವಾರ ಬಾಳಪ್ಪ ಬಲೆ ಎತ್ತುವಾಗ ನಾನು ನೀರಂಚಿನ ಕೆಸರಿಗಿಳಿದು ಕತ್ತು ಚಾಚಿದೆ. ಪದ್ದಕ್ಕ ಮೂಗಿಗೆ ಸೆರಗು ಹಿಡಿದು, ನೀರಿಗೆ ಬೆನ್ನು ಮಾಡಿ ನಿಂತಿದ್ದರು.

“ಹಕ್ಕಿ ಅದಾವೇನೋ ಬಾಳಪ್ಪಾ?”

“ಒಂದೂ ಇಲ್ರಿ ಅಕ್ಕಾರ! ಎಲ್ಲಾ ಆಚಿ ದಂಡಿಗೆ ಹೋಗ್ಯಾವ್ರಿ!”

ನಿಜ. ಅಲ್ಲಿಂದ ಒಂದೊಂದಾಗಿ ಗೂಡಿಗೆ ಮರಳುತ್ತಿದ್ದವು. ಮರಿಗಳು ತಾಯಿಯ ಗಂಟಲೊಳಗೆ ತಲೆಯಿಟ್ಟು ತಿನ್ನುತ್ತಿದ್ದವು. ಕುಣಿಯದೆ ಏನು ಮಾಡಲಿ, ಹೇಳಿ?

ಖುಷಿಯಲ್ಲಿ ಬಾಳಪ್ಪ ಕೂಗಿದ: “ಮೀನ ಅಂತೂ ದಿನದಕಿಂತ ಎರಡ ಪಟ್ಟ ಬಿದ್ದಾವ್ರಿ! ಕಸಗೊಳ್ಳೂ ಹಕ್ಕಿನ ಬರಲಿಲ್ಲಲ್ರಿ!”

ಪದ್ದಕ್ಕ ಆಗ ಮೊದಲ ಸಲ ತಿರುಗಿದರು. ಬುಟ್ಟಿಯಲ್ಲಿ ಮೀನುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ರೀಲಿಗೆ ಹುರಿ ಹಾಕಿದ ತಮ್ಮ ಕೈಬೆರಳುಗಳನ್ನೊಮ್ಮೆ ನೋಡಿಕೊಂಡರು. ನನ್ನ ಕುಣಿತ ನಿಂತಿತು.

ಬಸ್ಸಿನಲ್ಲಿ ಹುಕ್ಕೇರಿಗೆ ಮರಳಿದೆವು. ಇಳಿಯುವಾಗ ಪದ್ದಕ್ಕ ಮೆಲ್ಲಗೆ ಕೇಳಿದರು:

“ಮಾಸ್ತರ, ನಿಮ್ಮ ಭಾಷಣಾ ನೀರಾಗಿನ ಮೀನಿಗೂ ಕೇಳೂ ಹಂಗ ಏನರ ಮಾಡಾಕ ಬರತೈತೇನ್ರಿ?”