ಮೂರೂರಲ್ಲಿ ಡಾಲರ್ ರೇಟು ಕೇಳಿದ್ದು

ಸ್ಟೇಬಲ್‌ಕಾಯಿನ್ ಅನ್ನೋ ಫೋನಿನೊಳಗಿನ ಡಾಲರ್‌ಗೆ ಬ್ಯಾಂಕಿನ ಡಾಲರ್‌ಗಿಂತ ಎಲ್ಲಿ ಬೆಲೆ ಹೆಚ್ಚೋ, ಅಲ್ಲಿಂದ ಹಣ ಹೊರದೇಶಕ್ಕೆ ಹೋಗುತ್ತಿದೆ ಎಂದು ಊಹಿಸುವುದು ನನ್ನ ಕೆಲಸ. ಅಜ್ಜಂಪುರದಲ್ಲಿ ಕೇಳಿದೆ, ತುಸು ಹೆಚ್ಚಿತ್ತು. ತರೀಕೆರೆಯಲ್ಲಿ ಇನ್ನೂ ಹೆಚ್ಚು. ಕಡೂರಿನಲ್ಲಂತೂ ವಿಪರೀತ. 'ಈ ಸೀಮೆಯಿಂದ ಭಾರೀ ಹಣ ಹೊರಹೋಗುತ್ತಿದೆ' ಎಂದು ಕಡೂರಿನ ಅಂಗಡಿಯಲ್ಲಿ ಕೂತೇ ಆಫೀಸಿಗೆ ವರದಿ ಕಳಿಸಿಬಿಟ್ಟೆ.

ಆಮೇಲೆ, ಕೊಬ್ಬರಿ ವ್ಯಾಪಾರದ ಜೊತೆ ಈ ಫೋನ್ ಡಾಲರನ್ನೂ ಮಾರುವ ಆ ಅಂಗಡಿಯ ಯಜಮಾನರನ್ನು ಕೇಳಿದೆ, "ಯಾಕೆ ಇಷ್ಟು ರೇಟು?"

"ಯಾರೋ ದೊಡ್ಡ ಗಿರಾಕಿ ಊರೂರು ಕೇಳ್ಕೊಂಡು ಬರ್ತಾವ್ನೆ ಅಂತ ಫೋನ್ ಬಂತು ಕಣ್ರೀ. ಕೊಬ್ಬರಿಗೂ ಹಿಂಗೇ ಏರಿಸ್ತೀವಿ. ಕನ್ನಡಕ, ನೀಲಿ ಬ್ಯಾಗಂತೆ."

ಬ್ಯಾಗನ್ನು ಮೆಲ್ಲಗೆ ಕಾಲ ಹಿಂದೆ ಸರಿಸಿದೆ. ಅವರು ನೋಡಿಬಿಟ್ಟರು.

"ಎಷ್ಟು ಬೇಕು ಸ್ವಾಮಿ?"

"ಏನೂ ಬೇಡ. ಸುಮ್ಮನೆ ಕೇಳ್ದೆ."

ಅವರು ಫೋನೆತ್ತಿ, "ರೇಟು ಇಳಿಸ್ರಪ್ಪಾ, ಇವ್ರು ತಗಳೋರಲ್ಲ" ಎಂದರು. ಅದೇ ಹೊತ್ತಿಗೆ ನನ್ನ ಫೋನೂ ಸದ್ದು ಮಾಡಿತು. ವರದಿ ಬಹಳ ಚೆನ್ನಾಗಿದೆಯಂತೆ, ಇನ್ನೂ ನಾಲ್ಕು ಊರು ಸುತ್ತಿ ಬರಬೇಕಂತೆ.